ಸಂದು, ಸಂದಿ, ಹೊಲಿಗೆ

ಹೋದ ವರ್ಷ ತೊಳೆಯುತ್ತಿದ್ದ ಗಾಜಿನ ಲೋಟ ಕೈಯಲ್ಲೇ ಒಡೆಯಿತು. ಎಡಗೈ ಹೆಬ್ಬೆರಳ ಬುಡ ಸೀಳಿತು. ಐದು ಹೊಲಿಗೆ ಬಿದ್ದವು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರಿಂದ ನೋವಿರಲಿಲ್ಲ. ಹಾಗಾಗಿ ಮುಖ ತಿರುಗಿಸದೆ ನೋಡುತ್ತಾ ಕೂತೆ. ಬಾಗಿದ ಪುಟ್ಟ ಸೂಜಿ, ಕಪ್ಪು ದಾರ. ಸೂಜಿ ಗಾಯದ ಆ ದಡದಲ್ಲಿ ಮುಳುಗಿ ಈ ದಡದಲ್ಲಿ ಏಳುತ್ತಿತ್ತು. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಡಾಕ್ಟರು ಚುಚ್ಚುತ್ತಿದ್ದದ್ದು ಗಾಯದ ಪಕ್ಕದ ಚರ್ಮಕ್ಕೆ. ಏನೂ ಆಗದೆ ಗಟ್ಟಿಯಾಗಿದ್ದ ಚರ್ಮಕ್ಕೆ. ಒಂದು ಸೀಳು ಮುಚ್ಚುವುದಕ್ಕೆ ಹತ್ತು ಹೊಸ ತೂತು.

ಅವತ್ತಿನಿಂದ ಹೊಲಿಗೆಯ ಮಾತುಗಳು ನನ್ನನ್ನು ಬಿಟ್ಟಿಲ್ಲ. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದ ಆ ಹತ್ತು ದಿನ ನಿಘಂಟುಗಳನ್ನು ಬಲಗೈಯಲ್ಲೇ ತಿರುವಿ ಹಾಕಿದೆ. ಬೇರೆ ಬೇರೆ ಭಾಷೆ ಆಡುವ ಗೆಳೆಯರನ್ನು ಕೇಳಿದೆ. ಹೊಲಿಯುವುದಕ್ಕೆ ನೀವೇನು ಅಂತೀರಿ? ಆ ಮಾತನ್ನು ಇನ್ನೆಲ್ಲಿ ಬಳಸುತ್ತೀರಿ? ಎರಡನೇ ಪ್ರಶ್ನೆಗೆ ಬಂದ ಉತ್ತರಗಳೇ ಜಾಸ್ತಿ ಸೊಗಸಾಗಿದ್ದವು.

ಮೊದಲು ನಮ್ಮದು. ಕನ್ನಡದಲ್ಲಿ ಅಂಗಿಯನ್ನೂ ಹೊಲಿಯುತ್ತೇವೆ, ಚಪ್ಪಲಿಯನ್ನೂ ಹೊಲಿಯುತ್ತೇವೆ, ಚೀಲದ ಬಾಯನ್ನೂ ಹೊಲಿಯುತ್ತೇವೆ, ಗಾಯವನ್ನೂ ಹೊಲಿಯುತ್ತೇವೆ. ಮಾತಾಡಬೇಕಾದ ಕಡೆ ಸುಮ್ಮನೆ ಕೂತವನಿಗೆ ಬಾಯಿಗೆ ಹೊಲಿಗೆ ಹಾಕಿಕೊಂಡಿದ್ದೀಯಾ ಅಂತ ಕೇಳುತ್ತೇವೆ. ಹಳಗನ್ನಡದಲ್ಲಿ ಇದು ಪೊಲಿ. ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ, ಪೊಲಿ ಹೊಲಿಯಾಯಿತು. ಬಟ್ಟೆ, ಚರ್ಮ, ಮೈ ಎಲ್ಲಕ್ಕೂ ಒಂದೇ ಮಾತು ಸಾಕು ಅಂತ ನಮ್ಮ ಭಾಷೆಗೆ ಅನ್ನಿಸಿದೆ. ನನಗದು ಸರಿ ಅನ್ನಿಸುತ್ತದೆ. ಆ ಡಾಕ್ಟರ ಬೆರಳು ಓಡಾಡುತ್ತಿದ್ದ ರೀತಿಗೂ ಬಟ್ಟೆ ಹೊಲಿಯುವವರ ಬೆರಳು ಓಡಾಡುವ ರೀತಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ.

ಪಕ್ಕದ ತಮಿಳಿನಲ್ಲಿ ಹೊಲಿಯುವುದಕ್ಕೆ ತೈ ಅನ್ನುತ್ತಾರೆ. ತಮಿಳು ಆಡುವ ಗೆಳತಿಯೊಬ್ಬಳು ಇದನ್ನು ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: ಕಾಲಿಗೆ ಮುಳ್ಳು ಚುಚ್ಚಿದರೂ ನಾವು ತೈ ಅಂತಲೇ ಅನ್ನುತ್ತೇವೆ. ಮುಳ್ಳು ಕಾಲಿಗೆ 'ತೈತ್ತದು'. ದಿನವೂ ಆಡುವ ಮಾತು, ಎರಡೂ ಒಂದೇ ಅಂತ ಅವಳಿಗೆ ಅವತ್ತೇ ಹೊಳೆದದ್ದು.

ತೆಲುಗಿನದು ಇನ್ನೂ ಚೆನ್ನ. ಅಲ್ಲಿ ಹೊಲಿಯುವುದು ಕುಟ್ಟು. ಚೇಳು ಕಡಿದರೂ ಕುಟ್ಟು: ತೇಲು ಕುಟ್ಟಿಂದಿ. ಕಿವಿ ಚುಚ್ಚಿಸುವುದಕ್ಕೂ ಅದೇ ಮಾತು. ನಮ್ಮಲ್ಲಿ ಚೇಳು ಕುಟುಕುತ್ತದೆ ಅಲ್ವಾ? ತೆಲುಗಿನವರ ಹೊಲಿಗೆಯೂ ನಮ್ಮ ಚೇಳಿನ ಕುಟುಕೂ ಎಷ್ಟು ಹತ್ತಿರ ಕೇಳಿಸುತ್ತವೆ ನೋಡಿ. ಸೂಜಿ ಇಟ್ಟಲ್ಲೆಲ್ಲ ಒಂದು ಸಣ್ಣ ಕಡಿತ ಇದೆ ಅನ್ನುವುದನ್ನು ಆ ಭಾಷೆ ಮರೆತಿಲ್ಲ.

ಸಂಸ್ಕೃತದಲ್ಲೂ ಇದೇ ನೆನಪು ಇನ್ನೊಂದು ಬಗೆಯಲ್ಲಿದೆ. ತುನ್ನ ಅಂದರೆ ಪೆಟ್ಟು ತಿಂದದ್ದು, ಚುಚ್ಚಿಸಿಕೊಂಡದ್ದು. ಬಟ್ಟೆ ಹೊಲಿಯುವವನಿಗೆ ತುನ್ನವಾಯ ಅಂತ ಹೆಸರು. ಗಾಯ ಹೊಲಿಯುವ ನಾಲ್ಕು ಬಗೆಗಳನ್ನು ಹೇಳುವ ಸುಶ್ರುತ ಸಂಹಿತೆಯಲ್ಲಿ ಒಂದು ಬಗೆಗೆ ತುನ್ನಸೇವನಿ ಅಂತ ಹೆಸರು. ಬಟ್ಟೆಯವನ ಹೆಸರಲ್ಲಿದ್ದ ಅದೇ ತುನ್ನ ವೈದ್ಯನ ಕೆಲಸದ ಹೆಸರಲ್ಲೂ ಬಂದು ಕೂತಿದೆ.

ದೂರದ ತುರ್ಕಿ ಭಾಷೆಗೆ ಹೋದರೆ ಬೇರೆಯದೇ ಕತೆ. ಅಲ್ಲಿ ಹೊಲಿಯುವುದು ದಿಕ್ಮೆಕ್. ಗಿಡ ನೆಡುವುದೂ ದಿಕ್ಮೆಕ್. ಕಂಬ ನಿಲ್ಲಿಸುವುದೂ ಅದೇ. ಮೊದಲ ಸಲ ಓದಿದಾಗ ಇದೇನು ಸಂಬಂಧ ಅನ್ನಿಸಿತು. ಆಮೇಲೆ ಕನ್ನಡದ ನಾಟು ನೆನಪಾಯಿತು. ಬಾಣ ಎದೆಗೆ ನಾಟುತ್ತದೆ. ಸಸಿಯನ್ನು ನಾಟಿ ಮಾಡುತ್ತೇವೆ. ಯಾರೋ ಆಡಿದ ಮಾತು ಮನಸ್ಸಿಗೆ ನಾಟುತ್ತದೆ. ಚೂಪಾದದ್ದು ಒಳಗೆ ಇಳಿದು ಅಲ್ಲೇ ಉಳಿಯಬೇಕು, ಆಗಲೇ ನಾಟಿದ್ದು. ಸೂಜಿ ಒಳಗೆ ಹೋಗಿ ಹೊರಗೆ ಬಂದರೂ ದಾರ ಉಳಿಯುತ್ತದೆ. ತುರ್ಕಿಯವರು ಅದನ್ನು ನೆಡುವುದು ಅಂತ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಉತ್ತರ ಭಾರತದಿಂದ ಯುರೋಪಿನ ತನಕ ಹರಡಿರುವ ಒಂದು ದೊಡ್ಡ ಕುಟುಂಬವಿದೆ. ಸಂಸ್ಕೃತದ ಸೀವ್ಯತಿ, ಹಿಂದಿಯ ಸೀನಾ, ರಷ್ಯನ್ನಿನ ಶಿತ್, ಲಿಥುವೇನಿಯನ್ನಿನ ಸಿಯೂತಿ, ಲ್ಯಾಟಿನ್ನಿನ ಸುಎರೆ, ಇಂಗ್ಲಿಷಿನ ಸ್ಯೂ ಅಂತ ಬರೆದಂತಿದ್ದು ಸೋ ಅಂತ ಓದುವ ಮಾತು. ಎಲ್ಲಕ್ಕೂ ಒಂದೇ ಬೇರು ಅಂತ ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಡಾಕ್ಟರುಗಳು ಸೂಚರ್ ಅನ್ನುತ್ತಾರಲ್ಲ, ಅದು ಲ್ಯಾಟಿನ್ನಿನ ಕೊಂಬೆಯಿಂದ ಬಂತು. ನಮ್ಮ ಸೂತ್ರ ಸಂಸ್ಕೃತದ ಕೊಂಬೆಯಿಂದ ಬಂತು. ನನ್ನ ಹೆಬ್ಬೆರಳಿಗೆ ಬಿದ್ದದ್ದೂ ಪಾಣಿನಿ ಬರೆದದ್ದೂ ಹಿಂದಕ್ಕೆ ಹೋದರೆ ಒಂದೇ ಮಾತು. ಲ್ಯಾಟಿನ್ನಿನಲ್ಲಿ ಸೂತೊರ್ ಅಂದರೆ ಹೊಲಿಯುವವನು, ಆದರೆ ಆ ಹೆಸರು ಸಿಕ್ಕಿದ್ದು ಚಪ್ಪಲಿ ಹೊಲಿಯುವವನಿಗೆ. ಮನುಷ್ಯರು ಮೊದಲು ಹೊಲಿದದ್ದು ಬಟ್ಟೆಯನ್ನಲ್ಲ, ತೊಗಲನ್ನು ಇರಬೇಕು ಅಂತ ನನಗೆ ಅನ್ನಿಸುತ್ತದೆ. ಸೈಬೀರಿಯಾದ ಚಳಿಯಲ್ಲಿ ಸಿಕ್ಕಿರುವ ಕಣ್ಣಿರುವ ಮೂಳೆಯ ಸೂಜಿಗಳು ಸುಮಾರು 40,000 ವರ್ಷ ಹಳೆಯವು.

ಕಣ್ಣಿರುವ ಸೂಜಿ ಅಂದೆ. ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಕನ್ನಡದಲ್ಲಿ ದಾರ ಕೋಯುವ ತೂತು ಸೂಜಿಯ ಕಣ್ಣು. ಇಂಗ್ಲಿಷಿನಲ್ಲೂ ಕಣ್ಣು, ಸ್ಪ್ಯಾನಿಷಿನಲ್ಲೂ ಕಣ್ಣು, ಫಿನ್ನಿಷಿನಲ್ಲೂ ಕಣ್ಣು. ಆದರೆ ತಮಿಳಿನಲ್ಲಿ ಅದು ಕಾದು, ಅಂದರೆ ಕಿವಿ. ರಷ್ಯನ್ನಿನಲ್ಲಿ ಉಶ್ಕೊ, ಪುಟ್ಟ ಕಿವಿ. ಪೋಲಿಷಿನಲ್ಲೂ ಕಿವಿಯೇ. ಚೀನೀ ಭಾಷೆಯಲ್ಲಿ ಕಣ್ಣು ಅನ್ನುವ ಹೆಸರೂ ಇದೆ, ಮೂಗು ಅನ್ನುವ ಹೆಸರೂ ಇದೆ. ಒಂದು ಸಣ್ಣ ತೂತು. ಅದಕ್ಕೆ ಮುಖದ ಮೇಲಿರುವ ತೂತುಗಳ ಹೆಸರನ್ನೆಲ್ಲ ಮನುಷ್ಯರು ಕೊಟ್ಟುಬಿಟ್ಟಿದ್ದಾರೆ. ಕಿವಿ ಅಂದವರು ಪ್ರಾಯಶಃ ಚುಚ್ಚಿದ ಕಿವಿಯನ್ನು ನೆನೆಸಿಕೊಂಡಿರಬಹುದು, ಅದರೊಳಗೆ ಏನಾದರೂ ತೂರಿಸಬಹುದು ಅಂತ. ಕಣ್ಣು ಅಂದ ನಮಗೆ ಆ ತೂತು ನಮ್ಮ ಕಡೆ ನೋಡುತ್ತಿರುವ ಹಾಗೆ ಕಂಡಿರಬೇಕು. ದಾರದ ತುದಿಯನ್ನು ಒದ್ದೆ ಮಾಡಿ, ಹೊಸೆದು, ಉಸಿರು ಬಿಗಿಹಿಡಿದು ಕೋಯುವಾಗ ನಾವೂ ಅದನ್ನೇ ದಿಟ್ಟಿಸಿ ನೋಡುತ್ತಿರುತ್ತೇವೆ.

ದಾರದಿಂದ ಪುಸ್ತಕಕ್ಕೆ ಬರೋಣ. ಸೂತ್ರ ಅಂದರೆ ದಾರ, ಆಮೇಲೆ ಅದೇ ಮಾತು ಅಡಕವಾಗಿ ಹೇಳಿದ ವಾಕ್ಯಕ್ಕೆ ಹೆಸರಾಯಿತು. ತಮಿಳಿನಲ್ಲಿ ನೂಲು ಅಂದರೆ ದಾರವೂ ಹೌದು, ಪುಸ್ತಕವೂ ಹೌದು. ಗ್ರಂಥಾಲಯ ಅವರಿಗೆ ನೂಲಗಂ. ನಮ್ಮಲ್ಲಿ ನೂಲು ನೂಲಾಗಿಯೇ ಉಳಿಯಿತು, ನೋಡಿ. ಆದರೆ ಸಂಸ್ಕೃತದಿಂದ ನಾವು ತಂದುಕೊಂಡ ಗ್ರಂಥದ ಬೇರಿನಲ್ಲೂ ಗಂಟು ಹಾಕು, ಪೋಣಿಸು ಅನ್ನುವ ಅರ್ಥವೇ ಇದೆ. ತಾಳೆಗರಿಗೆ ತೂತು ಮಾಡಿ ದಾರ ಏರಿಸಿ ಕಟ್ಟುತ್ತಿದ್ದ ಕಾಲದ ಮಾತು ಅದು. ಸಂದರ್ಭ, ಪ್ರಬಂಧ, ನಿಬಂಧ ಎಲ್ಲವೂ ಪೋಣಿಸುವ, ಕಟ್ಟುವ ಮಾತುಗಳೇ. ಇಂಗ್ಲಿಷಿನ ಟೆಕ್ಸ್ಟ್ ನೇಯುವ ಮಾತಿನಿಂದ ಬಂತು, ಟೆಕ್ಸ್‌ಟೈಲ್ ಅದರ ಒಡಹುಟ್ಟು.

ಹಳೆಯ ಗ್ರೀಸಿನಲ್ಲಿ ಊರೂರು ತಿರುಗಿ ಮಹಾಕಾವ್ಯ ಹೇಳುತ್ತಿದ್ದವರನ್ನು ರಾಪ್ಸೋದೋಸ್ ಅನ್ನುತ್ತಿದ್ದರು. ಹಾಡು ಹೊಲಿಯುವವನು ಅಂತ ಅದರ ಅರ್ಥ. ನಾವು ಹಾಡನ್ನು ಹೊಲಿಯುವುದಿಲ್ಲ, ಕಟ್ಟುತ್ತೇವೆ. ಕತೆಯನ್ನು ಹೆಣೆಯುತ್ತೇವೆ. ಇದು ಸುಮ್ನೆ ರೂಢಿ ಅನ್ನಿಸಬಹುದು, ಆದರೆ ಕೈ ಬೇರೆ ಬೇರೆ ಕೆಲಸ ಮಾಡುತ್ತದೆ. ಹೊಲಿಯುವವನ ಎದುರು ಮೊದಲೇ ತುಂಡುಗಳಿವೆ. ಕಟ್ಟುವವನ ಎದುರು ಬಿಡಿ ಬಿಡಿ ಹೂವೋ ಕಡ್ಡಿಯೋ ಇವೆ. ಹೆಣೆಯುವವನ ಕೈಯಲ್ಲಿ ಎಳೆ ಬಿಟ್ಟು ಬೇರೇನೂ ಇಲ್ಲ. ಮೊದಲೇ ಇದ್ದ ಹಾಡಿನ ತುಂಡುಗಳನ್ನು ಅವತ್ತಿನ ಸಭೆಗೆ ತಕ್ಕಂತೆ ಸೇರಿಸಿ ಹಾಡುತ್ತಿದ್ದವನಿಗೆ ಹೊಲಿಯುವವನು ಅನ್ನುವ ಹೆಸರೇ ಸರಿ. ಕಟ್ಟಿದ್ದು ಸುಳ್ಳಾಗಿದ್ದರೆ ನಮ್ಮಲ್ಲಿ ಅದಕ್ಕೆ ಕಟ್ಟುಕತೆ ಅಂತ ಬೇರೆಯೇ ಹೆಸರಿದೆ.

ಹೊಲಿಯುವವರ ಹೆಸರುಗಳನ್ನೂ ಒಮ್ಮೆ ನೋಡಬೇಕು. ಟೈಲರ್ ಅನ್ನುವುದು ಫ್ರೆಂಚಿನಿಂದ ಬಂದ ಮಾತು. ಅದರ ಅರ್ಥ ಕತ್ತರಿಸುವವನು. ಜರ್ಮನ್ನಿನ ಶ್ನೈಡರ್ ಕೂಡ ಕತ್ತರಿಸುವವನೇ. ಹಂಗೇರಿಯನ್ನಿನ ಸಬೋ ಕೂಡ. ಲ್ಯಾಟಿನ್ನಿನ ಸಾರ್ತೊರ್ ತೇಪೆ ಹಾಕುವವನು. ಇಟಲಿಯ, ಸ್ಪೇನಿನ ಹೆಸರುಗಳು ಅಲ್ಲಿಂದ ಬಂದವು. ಅರಬ್ಬಿಯ ಖಯ್ಯಾತ್ ದಾರದವನು. ಯುರೋಪಿನ ಅಷ್ಟೊಂದು ಭಾಷೆಗಳು ಹೊಲಿಯುವವನನ್ನು ಕತ್ತರಿಯಿಂದ ಗುರುತಿಸಿದವು ಅನ್ನುವುದು ನನಗೆ ಮೊದಲು ಬೇಸರ ತಂದಿತ್ತು. ಆಮೇಲೆ ಅರ್ಥವಾಯಿತು. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು. ಕತ್ತರಿ ತಪ್ಪಿದರೆ ಬಟ್ಟೆ ಹೋಯಿತು. ಕಸುಬಿನ ಜೀವ ಎಲ್ಲಿದೆಯೋ ಹೆಸರೂ ಅಲ್ಲಿಂದಲೇ ಹುಟ್ಟಿದೆ.

ಕನ್ನಡದಲ್ಲಿ ಸಿಂಪಿಗ ಅನ್ನುವ ಹಳೆಯ ಮಾತಿದೆ. ಆದರೆ ಟೈಲರ್ ಬಿಟ್ಟರೆ ನಮ್ಮ ಬಾಯಲ್ಲಿ ಜಾಸ್ತಿ ಬರುವುದು ದರ್ಜಿ. ಅದು ಪಾರಸಿ ಮಾತು. ದರ್ಜ್ ಅಂದರೆ ಎರಡು ತುಂಡು ಸೇರಿದ ಹೊಲಿಗೆಯ ಗೆರೆ. ಆ ಗೆರೆಯವನು ದರ್ಜಿ. ಎಷ್ಟು ಚೆಂದದ ಹೆಸರು! ಅದರ ಕತೆ ಅಷ್ಟಕ್ಕೇ ನಿಲ್ಲುವುದಿಲ್ಲ. ಪಾರಸಿಯಲ್ಲಿ ಅದೇ ದರ್ಜ್‌ಗೆ ಬಿರುಕು ಅನ್ನುವ ಅರ್ಥವೂ ಇದೆ. ಗೋಡೆಯಲ್ಲಿ ಬಿಟ್ಟ ಸೀಳು, ಗಾಳಿ ನುಸುಳುವ ಸಂದಿ, ಅದೂ ದರ್ಜ್.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸೇರಿದ ಜಾಗಕ್ಕೂ ಬಿರಿದ ಜಾಗಕ್ಕೂ ಒಂದೇ ಹೆಸರು ಹೇಗೆ? ಹುಡುಕುತ್ತಾ ಹೋದೆ. ಚೀನೀ ಭಾಷೆಯಲ್ಲಿ ಹೊಲಿಯುವುದಕ್ಕೆ ಒಂದು ಅಕ್ಷರವಿದೆ. ಅದರ ಎಡಗಡೆ ರೇಷ್ಮೆ ಎಳೆಯ ಗುರುತು. ಬಲಗಡೆ ಭೇಟಿಯಾಗು ಅನ್ನುವ ಮಾತು. ಬಲಗಡೆಯದು ಉಚ್ಚಾರ ತೋರಿಸಲು ಇಟ್ಟದ್ದು, ಆದರೂ ಎಳೆ ಮತ್ತು ಭೇಟಿ ಪಕ್ಕಪಕ್ಕ ನಿಂತಿರುವುದನ್ನು ನೋಡಿದರೆ ಮನಸ್ಸು ತುಂಬುತ್ತದೆ. ಅದನ್ನು ಏರುವ ದನಿಯಲ್ಲಿ ಫಂಗ್ ಅಂದರೆ ಹೊಲಿ ಅಂತ ಅರ್ಥ. ಅದೇ ಅಕ್ಷರವನ್ನು ಇಳಿಯುವ ದನಿಯಲ್ಲಿ ಹೇಳಿದರೆ ಹೊಲಿಗೆಯ ಗೆರೆ, ಬಿರುಕು, ಸಂದಿ. ಪಾರಸಿಗೂ ಚೀನೀ ಭಾಷೆಗೂ ನಂಟಿಲ್ಲ. ಇಬ್ಬರೂ ತಮ್ಮ ಪಾಡಿಗೆ ತಾವು ಅದೇ ಜಾಗಕ್ಕೆ ಬಂದು ನಿಂತಿದ್ದಾರೆ.

ಆಗ ನನ್ನ ಬಾಯಲ್ಲೇ ಇದ್ದ ಮಾತು ಕೇಳಿಸಿತು. ಸಂದು, ಸಂದಿ. ಸಂಸ್ಕೃತದ ಸಂಧಿ ಅಂದರೆ ಕೂಡಿಸುವುದು, ಕೂಡಿದ ಜಾಗ. ಎರಡು ರಾಜ್ಯಗಳ ನಡುವಿನ ಒಪ್ಪಂದ ಸಂಧಿ. ಮೂಳೆಗಳು ಸೇರುವ ಕೀಲು ಸಂಧಿ. ಹಗಲೂ ರಾತ್ರಿಯೂ ಸೇರುವ ಹೊತ್ತು ಸಂಧ್ಯಾ, ಅದೇ ನಮ್ಮ ಬಾಯಲ್ಲಿ ಸಂಜೆ. ಅದೇ ಸಂಧಿ ಕನ್ನಡದ ದಿನದ ಬಳಕೆಗೆ ಇಳಿದಾಗ ಏನಾಯಿತು? ಬಾಗಿಲ ಸಂದಿಗೆ ಬೆರಳು ಸಿಕ್ಕಿಕೊಳ್ಳುತ್ತದೆ. ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಬೆಕ್ಕು ಓಡುತ್ತದೆ. ಹಲ್ಲಿನ ಸಂದಿ, ಸಂದಿಗೊಂದಿ. ಸೇರಿದ ಜಾಗ ತೆರೆದ ಜಾಗವಾಯಿತು. ಆದರೂ ಜ್ವರ ಬಂದಾಗ ಮೈಯ ಸಂದುಸಂದೂ ನೋಯುತ್ತದೆ ಅನ್ನುತ್ತೇವೆ. ಅಲ್ಲಿ ಸಂದು ಕೂಡಿದ ಜಾಗವೇ. ಸಂಸ್ಕೃತದಲ್ಲೂ ಕಳ್ಳ ಗೋಡೆಗೆ ಕೊರೆದ ತೂತಿಗೆ ಸಂಧಿ ಅನ್ನುತ್ತಿದ್ದರು. ಕನ್ನ ಅನ್ನುತ್ತೇವಲ್ಲ ನಾವು, ಅದು. ಹಿಂದಿಯ ಸೇಂಧ್ ಬಂದದ್ದು ಅಲ್ಲಿಂದಲೇ.

ಈಗ ನನಗೆ ಅದು ಒಗಟು ಅನ್ನಿಸುವುದಿಲ್ಲ. ಎರಡು ಇದ್ದಲ್ಲಿ ಮಾತ್ರ ಸಂಧಿ ಇರುತ್ತದೆ. ಒಂದೇ ಅಖಂಡ ಬಟ್ಟೆಗೆ ಹೊಲಿಗೆಯ ಗೆರೆ ಇರುವುದಿಲ್ಲ. ಕೂಡಿಸಿದ್ದು ಎಲ್ಲಿ ಅಂತ ಬೆರಳಿಟ್ಟು ತೋರಿಸಿದರೆ ಬೇರೆಯಾಗಿದ್ದದ್ದು ಎಲ್ಲಿ ಅಂತಲೂ ತೋರಿಸಿದ ಹಾಗೆ. ಬಿಟ್ಟರೆ ಬಿಡುವುದೂ ಅಲ್ಲೇ. ಅಂಗಿಯ ಗುಂಡಿಯನ್ನೇ ತಗೊಳ್ಳಿ. ಎರಡು ಅಂಚನ್ನು ಸೇರಿಸುವ ವಸ್ತು ಗುಂಡಿ. ನೆಲದಲ್ಲಿ ತೋಡಿದ ಹಳ್ಳವೂ ಗುಂಡಿ. ಆ ಗುಂಡಿ ಹೋಗಿ ಕೂರುವ ತೂತಿಗೆ ಕಾಜ ಅನ್ನುತ್ತೇವೆ. ಅದು ಪೋರ್ಚುಗೀಸರ ಕಾಸಾ, ಅಂದರೆ ಮನೆ.

ಶಾಲೆಯಲ್ಲಿ ಕಲಿತ ವ್ಯಾಕರಣದ ಸಂಧಿಯೂ ಈಗ ಬೇರೆಯೇ ಕಾಣುತ್ತದೆ. ಲೋಪ, ಆಗಮ, ಆದೇಶ ಅಂತ ಬಾಯಿಪಾಠ ಮಾಡಿದ್ದೆವು. ಊರು ಮತ್ತು ಇಂದ ಸೇರಿದರೆ ಊರಿಂದ. ಒಂದು ಉಕಾರ ಹೋಯಿತು. ಮನೆ ಮತ್ತು ಅನ್ನು ಸೇರಿದರೆ ಮನೆಯನ್ನು. ಎಲ್ಲೂ ಇಲ್ಲದ ಯಕಾರ ನಡುವೆ ಬಂತು. ಬೆಟ್ಟ ಮತ್ತು ತಾವರೆ ಸೇರಿದರೆ ಬೆಟ್ಟದಾವರೆ. ತಕಾರ ಮೆತ್ತಗಾಗಿ ದಕಾರವಾಯಿತು. ಬಟ್ಟೆ ಹೊಲಿದವರಿಗೆ ಇದು ಗೊತ್ತಿರುವ ಲೆಕ್ಕವೇ. ಎರಡು ತುಂಡು ಸೇರಿಸುವಾಗ ಎರಡೂ ಅಂಚಿನಲ್ಲಿ ಒಂದಿಷ್ಟು ಬಟ್ಟೆ ಒಳಗೆ ಮಡಚಿಹೋಗುತ್ತದೆ. ಅದು ಲೋಪ. ಎರಡೂ ತುಂಡಿಗೆ ಸೇರದ ದಾರ ನಡುವೆ ಬರುತ್ತದೆ. ಅದು ಆಗಮ. ಮೊದಲಿದ್ದ ಅಂಚು ಆಕಾರ ಬದಲಿಸುತ್ತದೆ. ಅದು ಆದೇಶ. ಯಾವ ಮೇಷ್ಟ್ರಾದರೂ ಮಕ್ಕಳ ಕೈಗೆ ಎರಡು ತುಂಡು ಬಟ್ಟೆ, ಸೂಜಿ, ದಾರ ಕೊಟ್ಟು ಸಂಧಿ ಪಾಠ ಶುರುಮಾಡಿದರೆ ಎಷ್ಟು ಚೆನ್ನಾಗಿರುತ್ತದೆ ಅಂತ ಆಸೆಯಾಗುತ್ತದೆ.

ಕೂಡುವ ಮಾತುಗಳು ಕನ್ನಡದಲ್ಲಿ ಎಲ್ಲೆಲ್ಲಿ ಹೊಕ್ಕಿವೆ ಅಂತ ನೋಡಿದರೆ ಬೆರಗಾಗುತ್ತದೆ. ಕೂಡು ಅಂದರೆ ಸೇರು, ಒಟ್ಟಾಗು. ಲೆಕ್ಕದಲ್ಲಿ ಎರಡಕ್ಕೆ ಮೂರು ಕೂಡಿದರೆ ಐದು. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಕಾಲ ಕೂಡಿ ಬರುತ್ತದೆ. ಹಾಗೇ, ಮಾಡಬಾರದ್ದನ್ನು ನಾವು ಕೂಡದು ಅನ್ನುತ್ತೇವೆ. ಸುಳ್ಳು ಹೇಳಕೂಡದು. ತಮಿಳಿನಲ್ಲಿ ಕೂಡಾದು, ತೆಲುಗಿನಲ್ಲಿ ಕೂಡದು. ಮೂರೂ ಭಾಷೆಯವರು ಬೇಡ ಅನ್ನುವುದಕ್ಕೆ ಇದು ಸೇರುವುದಿಲ್ಲ, ಹೊಂದುವುದಿಲ್ಲ ಅನ್ನುವ ಮಾತನ್ನೇ ಆರಿಸಿಕೊಂಡಿದ್ದಾರೆ. ಅದು ಅಪ್ಪಣೆಯ ಹಾಗೆ ಕೇಳಿಸಿದರೂ ಒಳಗಿರುವುದು ಜೋಡಣೆಯ ಲೆಕ್ಕ. ಸೇರು ಕೂಡ ಹಾಗೇ. ಅವನಿಗೆ ನಾನು ಸೇರಲ್ಲ ಅಂದರೆ ಅವನಿಗೆ ನನ್ನನ್ನು ಕಂಡರೆ ಆಗುವುದಿಲ್ಲ ಅಂತ. ಇಷ್ಟಪಡುವುದಕ್ಕೆ ಸೇರುವುದು ಅನ್ನುವ ಈ ಬಳಕೆ ನನಗೆ ತುಂಬಾ ಇಷ್ಟ.

ಜಪಾನೀ ಭಾಷೆಯ ತ್ಸುಗು ಅನ್ನುವ ಕ್ರಿಯಾಪದವನ್ನೂ ಇಲ್ಲಿ ಹೇಳಲೇಬೇಕು. ಮುರಿದದ್ದನ್ನು ಕೂಡಿಸುವುದಕ್ಕೆ, ಮೂಳೆ ಕೂರಿಸುವುದಕ್ಕೆ, ಗಿಡಕ್ಕೆ ಕಸಿ ಕಟ್ಟುವುದಕ್ಕೆ, ಹರಿದ ಬಟ್ಟೆಗೆ ತೇಪೆ ಹಾಕುವುದಕ್ಕೆ ಅದನ್ನು ಬಳಸುತ್ತಾರೆ. ಅಪ್ಪನ ಕಸುಬನ್ನು ಮಗಳು ಮುಂದುವರಿಸಿದರೆ ಅದೂ ತ್ಸುಗು. ಬರೆಯುವಾಗ ಅಕ್ಷರ ಬೇರೆಯಾಗಬಹುದು, ಬಾಯಲ್ಲಿ ಮಾತು ಒಂದೇ. ಒಬ್ಬರ ಬದುಕಿನ ಅಂಚಿಗೆ ಇನ್ನೊಬ್ಬರ ಬದುಕಿನ ಅಂಚನ್ನು ಇಟ್ಟು ಸೇರಿಸುವುದು.

ಒಂದು ಸಂಕಟವನ್ನೂ ಹೇಳಿಬಿಡುತ್ತೇನೆ. ಈಚೆಗೆ ನಾವು ಎಲ್ಲಕ್ಕೂ ಜೋಡಿಸು, ಅಟ್ಯಾಚ್ ಮಾಡು, ಜಾಯಿಂಟ್ ಮಾಡು ಅಂದುಬಿಡುತ್ತೇವೆ. ಹೊಲಿ, ಹೆಣೆ, ನೇಯಿ, ಪೋಣಿಸು, ಕೋ, ಕಟ್ಟು, ಅಂಟಿಸು, ಬೆಸೆ, ಬಿಗಿ. ಇವುಗಳಲ್ಲಿ ಯಾವುದೂ ಇನ್ನೊಂದರ ಬದಲಿಯಲ್ಲ. ಹೇಗೆ ಸೇರಿದೆ ಅಂತ ಹೇಳುವಾಗಲೇ ಹೇಗೆ ಬೇರೆಯಾಗುತ್ತದೆ ಅಂತಲೂ ಅವು ಹೇಳುತ್ತವೆ. ಪೋಣಿಸಿದ್ದು ಉದುರುತ್ತದೆ. ಕಟ್ಟಿದ್ದು ಸಡಿಲವಾಗುತ್ತದೆ. ಅಂಟಿಸಿದ್ದು ಕಿತ್ತು ಬರುತ್ತದೆ, ಬರುವಾಗ ಮೇಲಿನ ಪದರವನ್ನೂ ಎಳೆದು ತರುತ್ತದೆ. ನೇಯ್ದದ್ದು ಹರಿಯುತ್ತದೆ. ಬೆಸೆದದ್ದನ್ನು ಕತ್ತರಿಸಿಯೇ ಬಿಡಿಸಬೇಕು. ಹೊಲಿಗೆಯೊಂದೇ ಬಿಡುತ್ತದೆ. ಹೊಲಿಗೆ ಬಿಟ್ಟಿದೆ ಅನ್ನುತ್ತೇವಲ್ಲ, ಹಿಡಿದಿದ್ದ ಕೈ ಬಿಟ್ಟ ಹಾಗೆ. ಬಟ್ಟೆ ಹರಿದಿದೆ ಅಂದರೆ ಒಂದು ಕೆಲಸ, ಹೊಲಿಗೆ ಬಿಟ್ಟಿದೆ ಅಂದರೆ ಇನ್ನೊಂದೇ ಕೆಲಸ. ಮೊದಲನೆಯದಕ್ಕೆ ತೇಪೆ ಬೇಕು. ಎರಡನೆಯದಕ್ಕೆ ಹಳೆಯ ತೂತುಗಳು ಅಲ್ಲೇ ಕಾದಿರುತ್ತವೆ, ದಾರ ಇದ್ದರೆ ಸಾಕು. ಎರಡಕ್ಕೂ ಡ್ಯಾಮೇಜ್ ಅಂದುಬಿಟ್ಟರೆ ಸರಿಮಾಡುವ ದಾರಿಯೂ ಮಸುಕಾಗುತ್ತದೆ.

ಹತ್ತನೇ ದಿನ ಹೊಲಿಗೆ ಬಿಚ್ಚಿದರು. ಡಾಕ್ಟರು ಗಂಟಿನ ಪಕ್ಕ ಕತ್ತರಿ ಇಟ್ಟು ಚಿಮಟದಿಂದ ಒಂದೊಂದೇ ದಾರ ಎಳೆದರು. ನೋವಿರಲಿಲ್ಲ, ಒಳಗೆ ಏನೋ ಜಾರಿದ ಹಾಗೆ ಕಚಗುಳಿ ಅಷ್ಟೇ. ಗಾಯ ಚೆನ್ನಾಗಿ ಕೂಡಿದೆ ಅಂದರು. ಕೂಡಿದೆ ಅಂದಾಗ ನನಗೆ ತುಂಬಾ ಖುಷಿಯಾಯಿತು.

ಈಗ ಅಲ್ಲಿ ಒಂದು ಬಿಳಿ ಗೆರೆ ಇದೆ. ಗೆರೆಯ ಎರಡೂ ಕಡೆ ಐದೈದು ಚುಕ್ಕೆ. ಗಾಜು ಮಾಡಿದ್ದು ಗೆರೆಯನ್ನು, ಸೂಜಿ ಮಾಡಿದ್ದು ಚುಕ್ಕೆಗಳನ್ನು. ಬರೆಯುವಾಗ ಪುಸ್ತಕವನ್ನು ಎಡಗೈಯಲ್ಲಿ ಒತ್ತಿ ಹಿಡಿದರೆ ಗೆರೆ ಸ್ವಲ್ಪ ಕೆಂಪಾಗುತ್ತದೆ. ಚುಕ್ಕೆಗಳು ಬೆಳ್ಳಗೇ ಇರುತ್ತವೆ.